ಪರೀಕ್ಷೆಗೊಂದು ಬೊಚ್ಚುಬಾಯಿ

ತೌಹೀದನಿಗೆ ಬೇಕಾಗಿದ್ದದ್ದು ಒಂದು ಬಾಯಿ. ಅದರಲ್ಲಿ ಒಂದೇ ಒಂದು ಹಲ್ಲೂ ಇರಬಾರದು, ಅಷ್ಟೆ.

ಕೇಳುವುದಕ್ಕೆ ಸುಲಭ. ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ಬೇರೆ ಓದಿನವರು ಪರೀಕ್ಷೆಗೆ ಪೆನ್ನು, ಹಾಲ್ ಟಿಕೆಟ್ಟು ತೆಗೆದುಕೊಂಡು ಹೋದರೆ ಮುಗಿಯಿತು. ಹಲ್ಲಿನ ಡಾಕ್ಟರಾಗಲು ಹೊರಟ ಮಕ್ಕಳ ಹಣೆಬರಹ ಹಾಗಲ್ಲ. ಕೊನೆಯ ವರ್ಷದ ಪ್ರಾಕ್ಟಿಕಲ್ಲಿಗೆ ಪೇಷಂಟನ್ನೂ ತಾವೇ ಹುಡುಕಿ, ಒಲಿಸಿ, ಹೊತ್ತಿಗೆ ಸರಿಯಾಗಿ ತಂದು ಚೇರಿನಲ್ಲಿ ಕೂರಿಸಬೇಕು. ಹಲ್ಲುಸೆಟ್ಟು ಮಾಡುವ ಪರೀಕ್ಷೆಗಂತೂ ಪೂರಾ ಬೊಚ್ಚುಬಾಯಿಯವರೇ ಆಗಬೇಕು. ದವಡೆಯ ಮೂಲೆಯಲ್ಲಿ ಒಂದು ಹಲ್ಲು ಅಡಗಿ ಕೂತಿದ್ದರೂ ಕೇಸು ರಿಜೆಕ್ಟು.

ತೌಹೀದ್ ಈ ಪರೀಕ್ಷೆಯಲ್ಲಿ ಆಗಲೇ ಒಂದು ಸಲ ಮಣ್ಣು ಮುಕ್ಕಿದ್ದ. ಹೋದ ಸಲ ಫ್ರೇಜರ್ ಟೌನಿನಿಂದ ಒಬ್ಬ ಅಜ್ಜಿಯನ್ನು ಕಾಡಿ ಬೇಡಿ ಕರೆತಂದಿದ್ದ. ಮಧ್ಯಾಹ್ನ ನಮಾಜು ಮುಗಿಸಿ ಬರುತ್ತೇನೆಂದು ಹೋದ ಅಜ್ಜಿ, ನಮಾಜಿನ ಮೇಲೆ ಊಟ, ಊಟದ ಮೇಲೆ ನಿದ್ದೆ ಎಂದು ಮನೆಯಲ್ಲೇ ಉಳಿದುಬಿಟ್ಟರು. ಎಕ್ಸಾಮಿನರ್ ಬಂದಾಗ ತೌಹೀದ್ ಖಾಲಿ ಚೇರಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಚೇರಿಗೆ ಯಾರು ಮಾರ್ಕ್ಸ್ ಕೊಡುತ್ತಾರೆ?

ಮನೆಯಲ್ಲಿ ಬೇರೆ ರಾಮಾಯಣ. ಶಿವಾಜಿನಗರದಲ್ಲಿ ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಅಬ್ಬಾ ಗಯಾಜ್, ಈ ಸಲವೂ ಪಾಸಾಗದಿದ್ದರೆ ತೆಪ್ಪಗೆ ಬಂದು ಗಲ್ಲಾದಲ್ಲಿ ಕೂತುಕೋ, ಕ್ಲಚ್ ಕೇಬಲ್ ಆದರೂ ಸರಿಯಾಗಿ ಕೊಡುವುದನ್ನು ಕಲಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅಮ್ಮೀ ತಾಹೇರಾ ಮಾತ್ರ ಮಗ ಡಾಕ್ಟರಾಗಿಬಿಟ್ಟ ಎಂದು ಬೀದಿಗೆಲ್ಲ ಸಾರಿ ಮುಗಿಸಿದ್ದರು. ಬೆಳಗಾದರೆ ಅಕ್ಕಪಕ್ಕದವರು ಬಾಯಿ ತೆರೆದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಅವರೆಲ್ಲರ ಬಾಯಲ್ಲೂ ಹಲ್ಲಿತ್ತು, ದರಿದ್ರ.

ಹೀಗಾಗಿ ತೌಹೀದ್ ಮಾನ ಮರ್ಯಾದೆ ಬಿಟ್ಟು ಹುಡುಕಾಟಕ್ಕಿಳಿದಿದ್ದ. ಮದುವೆ ಮನೆಗೆ ಹೋದರೆ ಬಿರಿಯಾನಿಯಲ್ಲಿ ತುಂಡು ಬಿಟ್ಟು ಬರೀ ಅನ್ನ ಹಿಸುಕುವವರು ಯಾರೆಂದು ನೋಡುತ್ತಿದ್ದ. ಬಸ್ಸಿನಲ್ಲಿ ಮುದುಕರು ಆಕಳಿಸಿದರೆ ಬಗ್ಗಿ ಇಣುಕುತ್ತಿದ್ದ. ಒಂದೆರಡು ಕಡೆ ಬೈಸಿಕೊಂಡದ್ದೂ ಆಯಿತು. ಕೊನೆಗೆ ಜೋಗುಪಾಳ್ಯದ ಒಂದು ಬೇಕರಿ ಮುಂದೆ, ಚಹಾದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ ಜಟ್ಟೆಪ್ಪನವರು ಯಾರದೋ ಮಾತಿಗೆ ಬಾಯಿತುಂಬ ನಕ್ಕರು. ಮೇಲೂ ಕೆಳಗೂ ನುಣ್ಣನೆಯ ವಸಡು, ಎಲ್ಲೂ ಒಂದು ಚೂರು ಹಲ್ಲಿಲ್ಲ. ತೌಹೀದನ ಕಣ್ಣಲ್ಲಿ ನೀರೇ ಬಂತು.

ಜಟ್ಟೆಪ್ಪನವರು ವಿಜಯಪುರದ ಕಡೆಯವರು. ಫ್ಯಾಕ್ಟರಿಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದು ರಿಟೈರಾಗಿ, ಈಗ ಮಗಳ ಮನೆಯಲ್ಲಿದ್ದರು. ಬೆಂಗಳೂರಿನಲ್ಲಿ ಅರ್ಧ ಆಯುಷ್ಯ ಕಳೆದರೂ ಊರಿನ ಮಾತು ಬಿಟ್ಟಿರಲಿಲ್ಲ. ಅವರಿಗಿದ್ದ ಆಸೆ ಒಂದೇ, ಸಾಯುವುದರೊಳಗೆ ಇನ್ನೊಮ್ಮೆ ಕಡಕ್ ರೊಟ್ಟಿಯನ್ನು ಕಟುಂ ಎಂದು ಕಡಿಯುವುದು. ಪರೀಕ್ಷೆಯಲ್ಲಿ ತೋರಿಸಿದ ಸೆಟ್ಟನ್ನೇ ಆಮೇಲೆ ಗಟ್ಟಿ ಮಾಡಿ ಕೊಡುತ್ತೇನೆಂದು ತೌಹೀದ್ ಮಾತು ಕೊಟ್ಟಿದ್ದ. ವಾರಗಟ್ಟಲೆ ಸ್ಕೂಟರಿನಲ್ಲಿ ಕರೆದೊಯ್ದು ಬಾಯಿಯ ಅಚ್ಚು, ಅಳತೆ ಎಲ್ಲ ತೆಗೆದಿದ್ದ. ಈಗ ಪರೀಕ್ಷೆಯ ದಿನ ಬಂದಿತ್ತು.

ಬೆಳಿಗ್ಗೆ ಜೋಗುಪಾಳ್ಯಕ್ಕೆ ಹೋದರೆ ಜಟ್ಟೆಪ್ಪನವರು ಕೋಟು ಹಾಕಿ ರುಮಾಲು ಸುತ್ತಿ ಜಗುಲಿಯ ಮೇಲೆ ತಯಾರಾಗಿ ಕೂತಿದ್ದರು. ತೌಹೀದನ ಜೀವ ತಂಪಾಯಿತು. ಅಷ್ಟರಲ್ಲಿ ಎದುರಿನ ಪೆಟ್ಟಿಗೆ ಅಂಗಡಿಯ ಪ್ರೇಮ್‌ಕುಮಾರ್ ಬಾಯಿ ಹಾಕಿದ.

"ತಾತ, ಎಲ್ಲಿಗೆ ಹೊರಟ್ರಿ ಇಷ್ಟು ಜೋರಾಗಿ?"

"ಹಲ್ಲು ಹಾಕಿಸ್ಕೊಳ್ಳಾಕ. ಇವತ್ತ ಈ ತಮ್ಮಂದು ಪರೀಕ್ಷಾ ಐತಿ."

"ಪರೀಕ್ಷೆನಾ? ಅಂದ್ರೆ ಇವ್ನಿನ್ನೂ ಡಾಕ್ಟ್ರೇ ಆಗಿಲ್ವಾ? ನಿಮ್ಮ ಬಾಯಲ್ಲಿ ಕಲ್ತ್ಕೋತಾನಾ?" ಪ್ರೇಮ್‌ಕುಮಾರ್ ಬೀಡಿ ಕಟ್ಟು ಕೆಳಗಿಟ್ಟು ಈಚೆಗೇ ಬಂದ. "ತಾತ, ನಮ್ಮ ಮಾವನ ಬಾಯಿಗೆ ಹಿಂಗೇ ಒಬ್ಬ ಸ್ಟೂಡೆಂಟು ಅದೇನೋ ಗಾರೆ ಥರದ್ದು ಹಾಕ್ದ. ಗಟ್ಟಿ ಆಗ್ಬಿಡ್ತು. ಬಾಯಿ ಮುಚ್ಚೋಕೂ ಆಗ್ದೆ ತೆಗೆಯೋಕೂ ಆಗ್ದೆ ಕೂತಿದ್ರು ಪಾಪ. ಅತ್ತೆ ಮಾತ್ರ ಖುಷಿಯಾಗಿದ್ರು."

ಎದ್ದು ನಿಂತಿದ್ದ ಜಟ್ಟೆಪ್ಪನವರು ಪುನಃ ಕೂತರು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನಿರಿ," ಎಂದ ತೌಹೀದ್. "ತಾತ, ಅಚ್ಚೆಲ್ಲ ತೆಗ್ದು ಆಗಿದೆ. ನಿಮ್ಗೇನಾದ್ರೂ ನೋವಾಯ್ತಾ ಹೇಳಿ? ನೀವು ಬರ್ಲಿಲ್ಲ ಅಂದ್ರೆ ನಾನು ಸತ್ತೆ."

"ಫೇಲಾಗೋರೆಲ್ಲ ಹಿಂಗೇ ಅನ್ನೋದು," ಎಂದ ಪ್ರೇಮ್‌ಕುಮಾರ್.

ತೌಹೀದ್ ಆಣೆ ಇಟ್ಟ, ಕೈ ಮುಗಿದ, ಕೊನೆಗೆ ಕಡಕ್ ರೊಟ್ಟಿಯ ನೆನಪು ಮಾಡಿಕೊಟ್ಟ. ರೊಟ್ಟಿಯ ಹೆಸರು ಬಂದದ್ದೇ ಜಟ್ಟೆಪ್ಪನವರು ರುಮಾಲು ಸರಿಮಾಡಿಕೊಂಡು ಸ್ಕೂಟರ್ ಹತ್ತಿದರು. ಕೆ.ಆರ್. ಪುರದಾಚೆಯ ಕಾಲೇಜಿಗೆ ಹೋಗುವ ದಾರಿಯಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರ ವಾಹನಗಳು ಎಂದಿನಂತೆ ಬೇರು ಬಿಟ್ಟು ನಿಂತಿದ್ದವು. ಜಟ್ಟೆಪ್ಪನವರು ಇಳಿದು ನಡೆದುಬಿಡುತ್ತಾರೇನೋ ಎಂಬ ಭಯಕ್ಕೆ ತೌಹೀದ್ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅವರ ಪಂಚೆಯ ತುದಿ ಹಿಡಿದುಕೊಂಡಿದ್ದ.

ಪರೀಕ್ಷೆ ನಡೆಯುವ ಹಾಲಿನಲ್ಲಿ ಸಾಲು ಸಾಲು ಚೇರು, ಚೇರಿಗೊಂದು ಬೊಚ್ಚುಬಾಯಿ. ತೌಹೀದನ ಪಕ್ಕದ ಚೇರು ಚಿನ್ಮಯಿಯದು. ಅವಳು ಕ್ಲಾಸಿನಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡ ಹುಡುಗಿ. ಅವಳ ಪೇಷಂಟು ಸುಬ್ಬಲಕ್ಷ್ಮಿ ಎಂಬ, ಇನ್ಶೂರೆನ್ಸ್ ಆಫೀಸಿನಿಂದ ರಿಟೈರಾದ ಹೆಂಗಸು. ಅವರು ಪರೀಕ್ಷೆಗೆ ಬಂದವರ ಹಾಗಿರಲಿಲ್ಲ, ತಿರುಪತಿಗೆ ಹೊರಟವರ ಹಾಗೆ ಬುಟ್ಟಿ, ಶಾಲು, ಫ್ಲಾಸ್ಕು, ಹರಳೆಣ್ಣೆ ಬಾಟಲಿ ಸಮೇತ ಕೂತಿದ್ದರು.

ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಗುರುರಾಜ್ ತಲೆಗೆ ಟೋಪಿ, ಮುಖಕ್ಕೆ ಮಾಸ್ಕು ಹಾಕಿಕೊಂಡು ಬಂದರು.

"ಏನ್ರೀ ತೌಹೀದ್, ಇವತ್ತಾದ್ರೂ ಪೇಷಂಟ್ ಇದಾರಾ? ಇಲ್ಲಾ ಊಟಕ್ಕೆ ಹೋದ್ರಾ?"

ಎಲ್ಲರೂ ನಕ್ಕರು. ತೌಹೀದನೂ ನಕ್ಕ, ನಗದೆ ಏನು ಮಾಡುತ್ತಾನೆ.

"ನೋಡಿ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಮೇಡಂ ಬೇರೆ ಕಾಲೇಜಿಂದ ಬಂದಿದಾರೆ, ತುಂಬಾ ಸ್ಟ್ರಿಕ್ಟು. ಮೇಣದ ಮೇಲೆ ಹಲ್ಲು ಜೋಡ್ಸಿ, ಪೇಷಂಟ್ ಬಾಯಲ್ಲಿಟ್ಟು ತೋರಿಸ್ಬೇಕು. ನನ್ನ ಡಿಪಾರ್ಟ್‌ಮೆಂಟ್ ಮಾನ ಕಳೀಬೇಡಿ." ಹೀಗೆಂದು ಅವರು ಮುಂದಿನ ಸಾಲಿಗೆ ಹೋದರು.

ತೌಹೀದ್ ಕೆಲಸ ಶುರು ಮಾಡಿದ. ಮೊದಲು ಎರಡು ದವಡೆ ಎಲ್ಲಿ ಕೂಡುತ್ತವೆಂದು ಅಳೆಯಬೇಕು.

"ತಾತ, ಹಿಂದಿನ ಹಲ್ಲಲ್ಲಿ ಕಚ್ಚಿ."

"ತಮ್ಮಾ, ಹಿಂದಿನ ಹಲ್ಲಿದ್ರ ನಾ ಇಲ್ಲಿಗ್ಯಾಕ ಬರ್ತಿದ್ದೆ?"

"ಇದೆ ಅಂದ್ಕೊಂಡು ಕಚ್ಚಿ ತಾತ."

ಜಟ್ಟೆಪ್ಪನವರು ಇದೆ ಎಂದುಕೊಂಡು ಕಚ್ಚಿದರು. ಹುಮ್ಮಸ್ಸು ಜಾಸ್ತಿಯಾಗಿ ಕೆಳದವಡೆ ಮೇಜಿನ ಡ್ರಾಯರಿನ ಹಾಗೆ ಮುಂದಕ್ಕೆ ಬಂತು. ಹಿಂದಕ್ಕೆ ತಳ್ಳಿದರೆ ಎಡಕ್ಕೆ ಹೋಯಿತು. ಪಕ್ಕದ ಚೇರಿನಿಂದ ಸುಬ್ಬಲಕ್ಷ್ಮಿಯವರಿಗೆ ತಡೆಯಲಾಗಲಿಲ್ಲ.

"ರೀ, ನಾಲಿಗೆ ತುದೀನ ಹಿಂದಕ್ಕೆ ಮಡಚ್ರೀ! ಹಾಂ, ಈಗ ನುಂಗಿ. ನೋಡಿದ್ಯೇನಪ್ಪಾ? ನೀನು ಸರಿಯಾಗಿ ಹೇಳ್ಕೊಡ್ತಾ ಇಲ್ಲ."

ಅಂತೂ ಅವರ ಉಸ್ತುವಾರಿಯಲ್ಲೇ ದವಡೆ ತನ್ನ ಜಾಗಕ್ಕೆ ಬಂತು. ಆಮೇಲೆ ತೌಹೀದ್ ತಲೆ ಎತ್ತಲಿಲ್ಲ. ಗುಲಾಬಿ ಬಣ್ಣದ ಮೇಣವನ್ನು ಕಾಯಿಸಿ, ಕೊರೆದು, ಒಂದೊಂದೇ ಹಲ್ಲನ್ನು ಕೂರಿಸುತ್ತಾ ಹೋದ. ಬೆವರು ಇಳಿಯುತ್ತಿತ್ತು, ಕೈ ಮಾತ್ರ ಆ ದಿನ ಯಾಕೋ ಹೇಳಿದ ಹಾಗೆ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಸೆಟ್ಟು ತಯಾರಾಯಿತು. ಬಾಯಲ್ಲಿಟ್ಟು ನೋಡಿದರೆ, ಇದು ತಾನು ಮಾಡಿದ್ದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಅಷ್ಟು ಚೆನ್ನಾಗಿತ್ತು.

"ಅಯ್ಯೋ ತೌಹೀದ್, ಸೂಪರ್ ಕಣೋ! ನಂದಕ್ಕಿಂತ ಚೆನ್ನಾಗಿದೆ," ಎಂದಳು ಚಿನ್ಮಯಿ. ಅವಳು ಸುಮ್ಮನೆ ಹೊಗಳುವವಳಲ್ಲ.

ಜಟ್ಟೆಪ್ಪನವರು ಕೈಗನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಆಮೇಲೆ, "ಗೇಟಿನ್ಯಾಗ ನಿಂತಾಗ ಹಿಂಗ ಇದ್ದೆ ನೋಡು ನಾ," ಎಂದು ಕಣ್ಣೊರೆಸಿಕೊಂಡರು. ತೌಹೀದ್ ಕೈಗೆ ಮೆತ್ತಿದ್ದ ಮೇಣ ಒರೆಸಿಕೊಂಡ. ಪಾಸಾದೆ ಎಂದುಕೊಂಡ. ಪಾಪದ ಹುಡುಗ, ಅಷ್ಟು ಬೇಗ ಅಂದುಕೊಳ್ಳಬಾರದಿತ್ತು.

"ತಾತ, ಇದಿನ್ನೂ ಬರೀ ಮೇಣ. ಏನೂ ತಿನ್ಬೇಡಿ. ನಾನು ಎಕ್ಸಾಮಿನರ್‌ಗೆ ಹೇಳಿ ಬಂದ್ಬಿಡ್ತೀನಿ."

ಎಕ್ಸಾಮಿನರುಗಳು ಊಟಕ್ಕೆ ಕೂತಿದ್ದರು. ತೌಹೀದ್ ಬಾಗಿಲಾಚೆ ಕಾದ. ಒಳಗೆ ಊಟ ಮುಗಿದು, ಹಣ್ಣು ಮುಗಿದು, ಪಾನ್ ಬಂತು. ಕೊನೆಗೆ ಗುರುರಾಜ್ ತಲೆ ಹೊರಹಾಕಿ, "ಬರ್ತೀವಿ ಹೋಗ್ರೀ, ಮೊದಲನೇ ಸಾಲಿಂದ ನೋಡ್ಕೊಂಡ್ ಬರ್ತೀವಿ," ಎಂದರು. ತೌಹೀದ್ ಓಡಿ ಬಂದ.

ಜಟ್ಟೆಪ್ಪನವರ ಕೈಯಲ್ಲಿ ಸ್ಟೀಲ್ ಲೋಟವಿತ್ತು. ಲೋಟದಿಂದ ಹೊಗೆ ಏಳುತ್ತಿತ್ತು.

"ಪಾಪ, ಬೆಳಿಗ್ಗೆಯಿಂದ ಬಾಯಿ ತೆಗ್ದು ತೆಗ್ದು ಗಂಟಲು ಒಣಗಿತ್ತಪ್ಪ ಅವರಿಗೆ," ಎಂದರು ಸುಬ್ಬಲಕ್ಷ್ಮಿ ಸಡಗರದಿಂದ. "ತಿನ್ಬೇಡಿ ಅಂದ್ಯಲ್ಲ, ಅದಕ್ಕೇ ಚಕ್ಕುಲಿ ಕೊಡ್ಲಿಲ್ಲ. ಒಂದು ಲೋಟ ಕಾಫಿ ಕೊಟ್ಟೆ ಅಷ್ಟೆ. ಬೆಳಿಗ್ಗೆ ಫ್ಲಾಸ್ಕಿಗೆ ಹಾಕಿದ್ದು, ನೋಡು, ಇನ್ನೂ ಹೆಂಗೆ ಕುದೀತಾ ಇದೆ!"

"ತಾತ, ಬಾಯಿ ತೆಗೀರಿ."

ಜಟ್ಟೆಪ್ಪನವರು ತೆಗೆದರು. ಬಿಸಿ ಕಾಫಿಗೆ ಮೇಣ ಕರಗಿ ಮೆತ್ತಗಾಗಿತ್ತು. ಮುಂದಿನ ಹಲ್ಲುಗಳು ರಶ್ಶಿನ ಬಸ್ಸಿನಲ್ಲಿ ನಿಂತವರಂತೆ ಒಂದರ ಮೇಲೊಂದು ವಾಲಿದ್ದವು. ಕೋರೆಹಲ್ಲು ನಾಲಿಗೆಯ ಕೆಳಗೆ ಸೇರಿತ್ತು. ಉಳಿದ ಮೇಣ ಅಂಗುಳಿಗೆ ಮೆತ್ತಿಕೊಂಡಿತ್ತು.

"ಇಲ್ಲೆರಡು ಇದೆ ನೋಡಪ್ಪ," ಎಂದು ಸುಬ್ಬಲಕ್ಷ್ಮಿ ಲೋಟವನ್ನು ಬಗ್ಗಿಸಿ ತೋರಿಸಿದರು.

ತೌಹೀದ್ ನೆಲದ ಮೇಲೆ ಕೂತುಬಿಟ್ಟ. ಮತ್ತೆ ಜೋಡಿಸಲು ಹೊತ್ತೆಲ್ಲಿತ್ತು? ಎಕ್ಸ್‌ಟರ್ನಲ್ ಮೇಡಂ ಆಗಲೇ ಮೊದಲನೇ ಸಾಲಿನಲ್ಲಿ ಯಾರನ್ನೋ ಗದರುತ್ತಿದ್ದರು. ಅಬ್ಬಾನ ಗಲ್ಲಾಪೆಟ್ಟಿಗೆ ಕಣ್ಣ ಮುಂದೆ ಬಂತು. ಕ್ಲಚ್ ಕೇಬಲ್, ಬ್ರೇಕ್ ಶೂ, ಜೀವನಪೂರ್ತಿ. ಅಳು ಬಂತು, ಅತ್ತೂ ಬಿಟ್ಟ. ಚಿನ್ಮಯಿ ತನ್ನ ಸರದಿ ಬಂದಾಗ ಆ ಕಡೆ ತಿರುಗಿದಳು. ಅವಳ ಕೆಲಸವನ್ನು ಮೇಡಂ ಒಪ್ಪಿದರು. ಸುಬ್ಬಲಕ್ಷ್ಮಿ ಬುಟ್ಟಿ ಸಮೇತ ಹೊರಗೆ ಹೋದರು.

"ಅಳಬ್ಯಾಡ ತಮ್ಮಾ," ಎಂದರು ಜಟ್ಟೆಪ್ಪನವರು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. ಅಂಗುಳಿನ ಮೇಣ ಕಿತ್ತು ಟ್ರೇಗೆ ಹಾಕಿ, ಕೋಟಿನ ಒಳಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದರು. "ಇದರಿಂದ ಕೆಲಸ ಆಗ್ತದೇನು ನೋಡು."

ಅದು ಹಲ್ಲುಸೆಟ್ಟು. ಮೇಲಿನದು, ಕೆಳಗಿನದು, ಪೂರ್ತಿ.

"ತಾತ! ನಿಮ್ಹತ್ರ ಸೆಟ್ ಇತ್ತಾ?"

"ಭಾಳ ಹಿಂದ ಮಾಡ್ಸಿದ್ದು. ಹಾಕ್ಕೊಂಡ್ರ ಮೊಮ್ಮಕ್ಕಳು ಅಂಜಿ ಅಳ್ತಾವ. ರೊಟ್ಟಿ ಬಿಡು, ಮಾತಾಡಿದ್ರ ಕೆಳಗ ಬೀಳ್ತದ. ಐತಿ ಅಂತ ಹೇಳಿದ್ರ ನೀ ನನ್ನ ಬಿಟ್ಟು ಬ್ಯಾರೆ ಮುದುಕನ್ನ ಹುಡುಕ್ತಿದ್ದಿ ಅಲ್ಲೇನು? ಇವತ್ತ ಊಟಕ್ಕ ಏನರ ಗಟ್ಟಿ ಕೊಟ್ಟಾರು ಅಂತ ತಂದಿದ್ದೆ."

ಇದು ಮೋಸ. ತೌಹೀದನಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೇಡಂ ಆ ಕಡೆ ತಿರುಗಿ ಚಿನ್ಮಯಿಯ ಮಾರ್ಕ್ಸ್ ಬರೆಯುತ್ತಿದ್ದರು, ಮುಂದಿನ ಸರದಿ ತನ್ನದು, ಅದೂ ಗೊತ್ತಿತ್ತು. ಮೇಣವೂ ಗುಲಾಬಿ, ಪ್ಲಾಸ್ಟಿಕ್ಕೂ ಗುಲಾಬಿ. ಬಾಯೊಳಗಿದ್ದರೆ ಯಾರಿಗೆ ತಿಳಿಯುತ್ತದೆ? ಅವನು ಕಣ್ಣುಮುಚ್ಚಿ ಸೆಟ್ಟನ್ನು ಜಟ್ಟೆಪ್ಪನವರ ಬಾಯಿಗೆ ಹಾಕಿದ.

ಕಣ್ಣು ಬಿಟ್ಟು ನೋಡಿದ. ಮೊಮ್ಮಕ್ಕಳು ಅತ್ತದ್ದು ಸುಳ್ಳಲ್ಲ. ತೆಗೆದುಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮೇಡಂ ಬಂದು ನಿಂತಿದ್ದರು, ಪಕ್ಕದಲ್ಲಿ ಗುರುರಾಜ್.

"ಯಜಮಾನ್ರೇ, ಸ್ವಲ್ಪ ನಗಿ," ಎಂದರು ಮೇಡಂ.

ಜಟ್ಟೆಪ್ಪನವರು ಹುಡುಗ ಪಾಸಾಗಲೆಂದು ಮನಸಾರೆ ನಕ್ಕರು. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

"ಇದೇನ್ರೀ ಇದು? ಮೇಲಿನ ಹಲ್ಲು ತುಟಿ ದಾಟಿ ಬಂದಿದೆ. ಮೂಗಿನ ಕೆಳಗಿರಬೇಕಾದ ಮಧ್ಯದ ಗೆರೆ ಕೆನ್ನೆಗೆ ಹೋಗಿದೆ. ಬಾಯಿ ಮುಚ್ಚೋಕೇ ಆಗ್ತಿಲ್ಲ ಇವರಿಗೆ. ಗುರುರಾಜ್, ನಿಮ್ಮಲ್ಲಿ ಇದನ್ನೇ ಕಲಿಸ್ತೀರಾ?"

ಗುರುರಾಜರ ಮೈ ಉರಿದುಹೋಯಿತು. ಕೂಗುವುದಕ್ಕೆ ಅಡ್ಡವಾಯಿತೆಂದು ಮಾಸ್ಕನ್ನು ಗಲ್ಲಕ್ಕೆಳೆದರು.

"ನಾಚ್ಕೆ ಆಗಲ್ವೇನ್ರೀ ನಿಮ್ಗೆ? ಇದು ಹಲ್ಲಾ? ಇದನ್ನ ಮಾಡಿದೋನು ಡಾಕ್ಟರ್ ಅಲ್ಲ ರೀ, ಬಡಗಿ ಕೂಡ ಅಲ್ಲ! ಇಂಥೋನ ಕೈಗೆ ಪೇಷಂಟ್ ಕೊಡೋದೇ ಮಹಾಪಾಪ. ಮೇಡಂ, ಒಂದು ಮಾರ್ಕೂ ಕೊಡ್ಬೇಡಿ!"

ತೌಹೀದ್ ತಲೆ ತಗ್ಗಿಸಿದ. ಜಟ್ಟೆಪ್ಪನವರಿಗೆ ತಡೆಯಲಾಗಲಿಲ್ಲ. ಕತ್ತು ಚಾಚಿ ಗುರುರಾಜರ ಮುಖ ನೋಡಿದರು, ನೋಡಿ ಮುಖ ಅರಳಿಸಿದರು.

"ಅಯ್ಯ, ನೀವೇನ್ರಿ ಡಾಕ್ಟ್ರ! ಮುಂಜಾನಿಂದ ಮಾರಿ ಮುಚ್ಕೊಂಡಿದ್ರಿ, ಗುರ್ತು ಸಿಗಲಿಲ್ಲ ನೋಡ್ರಿ." ಮೇಲಿನ ಸೆಟ್ಟು ಟಕ್ಕೆಂದು ಬಿತ್ತು, ಹೆಬ್ಬೆರಳಲ್ಲಿ ಒತ್ತಿ ಮುಂದುವರಿಸಿದರು. "ಈ ಹುಡುಗನ್ನ ಯಾಕ ಬೈತೀರಿ? ಇದನ್ನ ನೀವು ಮಾಡಿಕೊಟ್ಟದ್ದಲ್ಲೇನ್ರಿ, ಇಂದಿರಾನಗರದಾಗ ನಿಮ್ಮ ದವಾಖಾನ್ಯಾಗ? ಸಂಜೀಕ ಬರ್ತಿದ್ದೆ, ನೆನಪಿಲ್ಲೇನು?"

ಗುರುರಾಜರ ಕೈ ತಾನಾಗಿ ಮಾಸ್ಕನ್ನು ಮೂಗಿಗೇರಿಸಿತು.

"ಏನು ಹೇಳ್ತಿದಾರೆ ಇವರು?" ಎಂದರು ಮೇಡಂ.

"ವಯಸ್ಸಾಗಿದೆ ಮೇಡಂ. ಪಾಪ." ಗುರುರಾಜ್ ಬಗ್ಗಿ, ಮೇಡಂ ಕೈ ಹಾಕುವ ಮೊದಲೇ ಸೆಟ್ಟನ್ನು ತಾವೇ ತೆಗೆದರು. ಬೆರಳಲ್ಲಿ ಒತ್ತಿದರು. ಮೇಣವಲ್ಲ, ಗಟ್ಟಿ ಪ್ಲಾಸ್ಟಿಕ್ಕು. ತಿರುಗಿಸಿ ನೋಡಿದರು. ತಮ್ಮ ಕೈಕೆಲಸ ಯಾರಿಗೆ ಗುರುತು ಸಿಗುವುದಿಲ್ಲ? ಮರುಕ್ಷಣ ಸೆಟ್ಟು ಅವರ ಏಪ್ರನ್ ಜೇಬಿನಲ್ಲಿತ್ತು. ಆಮೇಲೆ ತೌಹೀದನ ಕಡೆ ನೋಡಿದರು. ಅವರ ಕಣ್ಣಲ್ಲಿ ಬೇಡಿಕೆ ಇತ್ತು, ಬೆದರಿಕೆಯೂ ಇತ್ತು.

"ನೇರವಾಗಿ ಹೇಳಿ ತೌಹೀದ್," ಎಂದರು ಮೇಡಂ. "ಇದನ್ನ ಮಾಡಿದ್ದು ಯಾರು?"

ನಿಜ ಹೇಳಿದರೆ ಬೇರೆಯವರ ಸೆಟ್ಟು ಪರೀಕ್ಷೆಗಿಟ್ಟ ಕಳ್ಳ, ಕಾಪಿ ಕೇಸು, ಕಾಲೇಜಿನ ಬಾಗಿಲೇ ಬಂದ್. ಮೇಲಿಂದ ಮುಖ್ಯಸ್ಥರ ಮಾನ ಬೀದಿಗೆಳೆದವನು. ಸುಳ್ಳು ಹೇಳಿದರೆ ಬರೀ ಫೇಲು. ತೌಹೀದ್ ಮೂರನೆಯ ದಾರಿ ಇದೆಯೇ ಎಂದು ಒಂದು ಕ್ಷಣ ಹುಡುಕಿದ. ಇರಲಿಲ್ಲ.

"ನಾನೇ ಮೇಡಂ," ಎಂದ.

"ಏ ತಮ್ಮಾ!" ಎಂದು ಜಟ್ಟೆಪ್ಪನವರು ಚೇರಿನಿಂದ ಅರ್ಧ ಎದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಮೇಡಂ ಏನೋ ಬರೆದುಕೊಂಡು ಮುಂದೆ ಹೋದರು. ಗುರುರಾಜ್ ತೌಹೀದನ ಭುಜ ತಟ್ಟಿ, ಅವನು ಇದುವರೆಗೆ ಕೇಳದಿದ್ದ ಮೆತ್ತನೆಯ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ನೋಡೋಣ," ಎಂದರು. ಆಮೇಲೆ ಜಟ್ಟೆಪ್ಪನವರ ಕೈಹಿಡಿದು ತಮ್ಮ ರೂಮಿಗೆ ಕರೆದುಕೊಂಡು ಹೋದರು.

ತೌಹೀದ್ ಪಾರ್ಕಿಂಗಿನಲ್ಲಿ ಸ್ಕೂಟರಿಗೆ ಒರಗಿ ನಿಂತ. ಮನೆಗೆ ಏನೆಂದು ಫೋನ್ ಮಾಡುವುದು? ಅಬ್ಬಾನನ್ನು ಹೇಗಾದರೂ ಇನ್ನೊಂದು ಆರು ತಿಂಗಳು ಒಪ್ಪಿಸಬೇಕು. ಇಷ್ಟಾದರೂ ಸಮಾಧಾನಕ್ಕೆ ಒಂದಿತ್ತು. ಜಟ್ಟೆಪ್ಪನವರ ಬಾಯಿ ಇದೆ, ಅಳತೆ ಎಲ್ಲ ಇದೆ, ಕೈಗೆ ಕೆಲಸ ಹತ್ತಿದೆ. ಗುರುರಾಜ್ ಸರ್‌ಗೂ ಈಗ ತನ್ನ ಋಣ ಇದ್ದೇ ಇರುತ್ತದೆ. ಮುಂದಿನ ಸಲ ಕಣ್ಣುಮುಚ್ಚಿ ಪಾಸು.

ಜಟ್ಟೆಪ್ಪನವರು ಬಂದರು. ಮುಖ ಗಂಟಿಕ್ಕಿಕೊಂಡಿತ್ತು.

"ತಾತ, ಕ್ಷಮಿಸ್ಬಿಡಿ. ಮತ್ತೆ ಪರೀಕ್ಷೆ ಬರುತ್ತೆ. ನೀವು ಇನ್ನೊಂದೇ ಒಂದ್ಸಲ..."

"ಬರಂಗಿಲ್ಲ."

"ತಾತ..."

"ನಿನ್ನ ಸಲುವಾಗಿ ನಾ ಖರೇ ಹೇಳಿದೆ. ನೀ ಅಷ್ಟು ಮಂದಿ ಮುಂದ ನನ್ನ ಸುಳ್ಳ ಮಾಡಿದಿ. ಆ ಹೆಣ್ಮಗಳು ತಲಿಕೆಟ್ಟ ಮುದುಕನ್ನ ನೋಡಿದಂಗ ನೋಡಿದ್ಲು ನನ್ನ." ಅವರು ರುಮಾಲು ಬಿಗಿಮಾಡಿಕೊಂಡರು. "ಆ ಡಾಕ್ಟರ ಛಲೋ ಮನುಷ್ಯ. ಒಳಗ ಕರ್ಕೊಂಡು ಹೋಗಿ ಚಾ ಕೊಟ್ಟು ಒಪ್ಪಿಕೊಂಡ. ಹೌದ್ರಿ ಯಜಮಾನ್ರ, ನಾನ ಮಾಡಿದ್ದು, ಕೆಟ್ಟಾಗಿತ್ತು, ಹೊಸಾದು ಪುಕ್ಕಟೆ ಮಾಡಿಕೊಡ್ತೀನಿ ಅಂದ. ಬಾಜೂಕ ಇದ್ಲಲ್ಲ, ಚಿನ್ಮಯಿ, ಪಾಸಾದಾಕಿ, ಆಕಿ ಕೈಲೆ ಮಾಡಿಸ್ತಾನಂತ."

ಒರಗಿದ್ದ ತೌಹೀದ್ ಸ್ಕೂಟರ್ ಬಿಟ್ಟು ನೆಟ್ಟಗೆ ನಿಂತ.

"ಮತ್ತ ಇನ್ನೊಂದು ಹೇಳ್ಯಾನ, ಕೈ ಹಿಡಿದು. 'ಯಾರ ಕೈಗೆ ಬೇಕಾದ್ರೂ ಬಾಯಿ ಕೊಡಿ, ಆ ತೌಹೀದನ ಕೈಗೆ ಮಾತ್ರ ಕೊಡ್ಬೇಡಿ. ಇನ್ನೊಬ್ಬರು ಮಾಡಿದ ಕೆಲಸನ ಎಲ್ಲರೆದುರು ತನ್ನದು ಅಂತ ಹೇಳ್ಕೊಂಡ ನೋಡಿ, ಅಂಥ ಸುಳ್ಳುಗಾರ' ಅಂದ. ಖರೇನ ಅಲ್ಲ ಮತ್ತ?"

ತೌಹೀದ್ ಜೇಬಿನಿಂದ ಸ್ಕೂಟರಿನ ಕೀ ತೆಗೆದ.

"ಈಗ ಮನೀಗರ ಬಿಡ್ತೀಯೋ, ಬಸ್ಸಿಗೆ ಹೋಗ್ಲೋ?"

ತೌಹೀದ್ ಹೆಲ್ಮೆಟ್ಟನ್ನು ಅವರ ರುಮಾಲಿನ ಮೇಲೆಯೇ ಹೇಗೋ ಇಳಿಸಿ, ಬಗ್ಗಿ, ಗಲ್ಲದ ಕೆಳಗಿನ ಪಟ್ಟಿ ಬಿಗಿದ. ಆ ಬಾಯನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ಅವನಿಗೆ ಅದೇ ಕೊನೆ.